ಅಕ್ಕ ಅತ್ತರೆಂದು ಬರೆದ ಪತ್ರ

ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆ ನಮಗೆ ಬಾಡಿಗೆ ಮನೆ ಸಿಕ್ಕಿದ್ದು ಅಕ್ಕನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಡುವೆ ಎಲ್ಲೋ ಸೇರಿಸಲು ಹೋದರೆ ನನಗೆ ಅನುಕೂಲವಾಗುವ ಜಾಗದಲ್ಲೇ ಸೇರಿಸಿಬಿಡುತ್ತೇನೆ ಎಂಬ ಅಂಜಿಕೆಯಿದೆ. ನನ್ನ ಕೈಗೆ ಅಂಥದೊಂದು ಅಭ್ಯಾಸವಿತ್ತು.

ನಮ್ಮವರು ಮಿಷನ್ನಿನ ಸೇವಕರು. ಮೈಸೂರಿನ ಸಭೆಯೊಂದರಲ್ಲಿ ಸಹಾಯಕರಾಗಿದ್ದವರನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕಿಗೆಂದು ಕಳಿಸಿದರು. ಮೊದಲ ಮೂರು ಕಡೆ ಯಾರಾದರೊಬ್ಬರ ಮನೆಯಲ್ಲಿ ವಾರಕ್ಕೊಮ್ಮೆ ಐದಾರು ಜನ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ನಾಗಮಂಗಲದ ಕಡೆ ಯಾರೂ ಇರಲಿಲ್ಲ. ಯಾರೂ ಇಲ್ಲದ ಕಡೆಯೇ ಮನೆ ಮಾಡಬೇಕು ಎಂದರು ಹೆಡ್ಡಾಫೀಸಿನ ಹಿರಿಯರು. ನಾನು ತಲೆಯಾಡಿಸಿದೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಹಿರಿಯರು ಹೇಳಿದ್ದಕ್ಕೆ ತಲೆಯಾಡಿಸುವುದನ್ನು ಸಿಸ್ಟರುಗಳು ಚೆನ್ನಾಗಿ ಕಲಿಸಿದ್ದರು.

ಮೂರು ಮನೆ ನೋಡಿದೆವು. ಮೂರರಲ್ಲೂ ಮೊದಲ ಪ್ರಶ್ನೆ ಯಾವ ಜನ ಎಂಬುದು. ನಮ್ಮವರು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಹೇಳಿದ ಕೂಡಲೇ ಒಬ್ಬರಿಗೆ ಮಗ ಬರುವವನಿದ್ದ, ಇನ್ನೊಬ್ಬರಿಗೆ ಸೂರು ಸೋರುತ್ತಿತ್ತು. ನಾಲ್ಕನೆಯ ಮನೆಯ ಯಜಮಾನರೂ ಬೀಗದ ಕೈಯನ್ನು ಬೆರಳಿನಲ್ಲಿ ತಿರುಗಿಸುತ್ತ ರಾಗ ಎಳೆಯುತ್ತಿದ್ದರು. ಎದುರು ಮನೆಯ ಜಗಲಿಯ ಮೇಲೆ ಮೊರದಲ್ಲಿ ಹುರುಳಿ ಕೇರುತ್ತಿದ್ದ ಹೆಂಗಸು ಮೊರ ನಿಲ್ಲಿಸದೆಯೇ ಹೇಳಿದರು.

“ಇರ್ಲಿ ಬುಡಣ್ಣ, ಗಂಡ ಎಡ್ತಿ ಇಬ್ರೇ ಅವ್ರೆ. ಆ ಎಣ್ಮಗಳ ಮಕ ನೋಡು, ಬಿಸ್ಲಿಗೆ ಬಾಡೋಗದೆ. ಮೊದ್ಲು ನೀರ್ ಕೊಡು, ಆಮ್ಯಾಕೆ ಜಾತಿ ಕೇಳೂವಂತೆ.”

ಅವರೇ ಅಕ್ಕ. ಐವತ್ತು ದಾಟಿದವರು. ಗಂಡ ಎರಡು ಹಸು ಕಟ್ಟಿಕೊಂಡು ಹೊಲ ನೋಡಿಕೊಳ್ಳುತ್ತಿದ್ದರು, ಮಗಳನ್ನು ಪಾಂಡವಪುರಕ್ಕೆ ಕೊಟ್ಟಿತ್ತು. ಬೀದಿಯವರೆಲ್ಲ, ಅವರಿಗಿಂತ ದೊಡ್ಡವರೂ ಸಹ, ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ.

ಮೊದಮೊದಲು ನನಗೆ ಅಲ್ಲಿ ಏನೂ ಬರುತ್ತಿರಲಿಲ್ಲ. ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ಬೆಳಿಗ್ಗೆ ನೀರು ಬಿಡುತ್ತಿದ್ದರು. ನಾನು ಕೊಡ ಹಿಡಿದು ಸಾಲಿನ ಕೊನೆಯಲ್ಲಿ ನಿಂತು, ಮುಂದಿನವರು ತುಂಬಿಕೊಳ್ಳಲಿ ಎಂದು ಕಾಯುತ್ತಿದ್ದೆ. ಅಲ್ಲಿ ಸಾಲು ನಿಲ್ಲುವುದು ಮನುಷ್ಯರಲ್ಲ, ಕೊಡಗಳು. ಹಿಂದಿನ ಸಂಜೆಯೇ ಕೊಡವಿಟ್ಟು ಹೋಗಿರಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಒಮ್ಮೆ ದಯವಿಟ್ಟು ಸ್ವಲ್ಪ ಸರಿಯುತ್ತೀರಾ ಎಂದು ಕೇಳಿದ್ದಕ್ಕೆ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ರೇಡಿಯೋದಲ್ಲಿ ವಾರ್ತೆ ಓದುವವಳು ಬಂದವಳೆ, ಸರಿಯಿರಿ ಎಂದಳು ಒಬ್ಬಳು. ಎರಡು ಸಲ ಬರಿ ಕೊಡ ಹೊತ್ತು ಹಿಂದಿರುಗಿದ ಮೇಲೆ ಅಕ್ಕ ನನ್ನ ಕೊಡವನ್ನು ತಮ್ಮ ಎರಡು ಕೊಡಗಳ ನಡುವೆ ಇಟ್ಟುಕೊಂಡರು. ಅಂದಿನಿಂದ ನನ್ನ ಕೊಡಕ್ಕೆ ಅದೇ ಜಾಗ.

ಮುದ್ದೆ ಮಾಡುವುದನ್ನು ಕಲಿಸಿದ್ದೂ ಅವರೇ. ಅವರು ಅದನ್ನು ಹಿಟ್ಟು ಎನ್ನುತ್ತಾರೆ. ನಾನು ಕೆದಕಿದರೆ ಗಂಟು ಗಂಟಾಗುತ್ತಿತ್ತು. ನಮ್ಮವರು ಪಾಪ ನುಂಗುತ್ತಿದ್ದರು. ಅಕ್ಕ ನನ್ನ ಕೈಯಿಂದ ಕೋಲು ಕಿತ್ತುಕೊಂಡು, ಪಾತ್ರೆಯನ್ನು ಎರಡು ಪಾದದ ನಡುವೆ ಅದುಮಿ ಹಿಡಿದು, ಅದರ ಒಳಮೈಗೆ ಒತ್ತುವ ಹಾಗೆ ತಿರುವಿದರು. ಇಂಗ್ ತಿರುವಬೇಕು ಕಣಮ್ಮಿ, ಪೆನ್ನಲ್ಲಿ ಬರ್ದಂಗಲ್ಲ ಎಂದರು. ಮೊದಲ ವಾರ ಮೇಡಮ್ನೋರೆ ಎನ್ನುತ್ತಿದ್ದವರು ಅಂದು ಕಣಮ್ಮಿ ಎಂದಿದ್ದರು. ಮನೆಗೆ ಬಂದ ಸೊಸೆಯನ್ನೋ ತಂಗಿಯನ್ನೋ ಕರೆಯುವ ಹಾಗೆ. ಅದನ್ನು ಅಂದು ನಮ್ಮವರಿಗೂ ಹೇಳಿ ಹಿಗ್ಗಿದ್ದೆ.

ಇನ್ನು ಪತ್ರದ ವಿಷಯ. ಮಿಷನ್ನಿನಲ್ಲಿ ಪ್ರತಿಯೊಂದು ಕುಟುಂಬವೂ ತಿಂಗಳಿಗೊಂದು ಪ್ರಾರ್ಥನಾ ಪತ್ರ ಬರೆಯಬೇಕು. ಕಳಿಸಿಕೊಟ್ಟ ಸಭೆಗಳಿಗೆ, ನಮಗಾಗಿ ಪ್ರಾರ್ಥಿಸುವವರಿಗೆ ಇಲ್ಲಿ ಏನು ನಡೆದಿದೆ ಎಂದು ತಿಳಿಸುವ ಪತ್ರ. ಮೊದಲು ಅಂಚೆಯಲ್ಲಿ ಹೋಗುತ್ತಿತ್ತಂತೆ, ಈಗ ಫೋಟೋ ಸೇರಿಸಿ ವಾಟ್ಸಾಪಿನಲ್ಲಿ ಹೋಗುತ್ತದೆ. ನಮ್ಮವರಿಗೆ ಬರವಣಿಗೆ ಒಗ್ಗದು. ನಾನು ಬರೆಯುತ್ತಿದ್ದೆ, ಅವರ ಹೆಸರು ಹಾಕಿ ಕಳಿಸುತ್ತಿದ್ದೆವು. ಸ್ಕೂಲಿನಲ್ಲಿ ಪತ್ರಲೇಖನಕ್ಕೆ ಯಾವಾಗಲೂ ನನಗೇ ಬಹುಮಾನ.

ಮೊದಲ ತಿಂಗಳು ಮನೆ ಸಿಕ್ಕಿತು ಎಂದು ಬರೆದೆ. ಎರಡನೆಯ ತಿಂಗಳು ನೀರಿನ ತೊಂದರೆ. ಮೂರನೆಯ ತಿಂಗಳು, ನಾಲ್ಕನೆಯ ತಿಂಗಳು ಬರೆಯಲು ಏನೂ ಇರಲಿಲ್ಲ. ನಮ್ಮವರು ಬೈಕಿನಲ್ಲಿ ಹೋಗುತ್ತಿದ್ದರು, ಬರುತ್ತಿದ್ದರು. ಹೊಣಕೆರೆಯಲ್ಲಿ ಟೀ ಅಂಗಡಿಯ ಬೆಂಚಿನ ಮೇಲೆ ಒಬ್ಬ ಮುದುಕರೊಡನೆ ಮಳೆಯ ಬಗ್ಗೆ ಮಾತಾಡಿದರು. ಅಷ್ಟೇ. ಹೆಡ್ಡಾಫೀಸಿನಿಂದ ಫೋನು ಬಂತು. ಸಿಸ್ಟರ್, ನಿಮ್ಮ ಭಾಷೆ ಬಹಳ ಚೆನ್ನಾಗಿದೆ, ಆದರೆ ಪತ್ರ ಒಣಗಿದ ಹಾಗಿದೆಯಲ್ಲ, ಕ್ಷೇತ್ರದಿಂದ ಫಲದ ಸುದ್ದಿ ಬರಲಿ ಎಂದರು. ಬೈದ ಹಾಗೇನೂ ಇರಲಿಲ್ಲ. ಆದರೆ ಬೇರೆ ಕುಟುಂಬಗಳ ಪತ್ರವನ್ನೂ ನಾನು ಓದುತ್ತಿದ್ದೆ. ಅವುಗಳಲ್ಲಿ ಯಾರೋ ಅಳುತ್ತಿದ್ದರು, ಯಾರಿಗೋ ಕುಡಿತದಿಂದ ಬಿಡುಗಡೆಯಾಗುತ್ತಿತ್ತು, ಯಾರನ್ನೋ ಮನೆಯವರು ತಡೆಯುತ್ತಿದ್ದರು. ಓದಿ ದೇವರಿಗೆ ಸ್ತೋತ್ರ ಹೇಳಬೇಕಾದವಳು ಹೊಟ್ಟೆಕಿಚ್ಚು ಪಡುತ್ತಿದ್ದೆ. ಇದನ್ನು ಈವರೆಗೆ ನಮ್ಮವರಿಗೂ ಹೇಳಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕ ನಮ್ಮ ಅಡುಗೆಮನೆಯಲ್ಲಿ ಹಿಟ್ಟು ತಿರುವುತ್ತಿದ್ದರು. ನಾನು ಸಾರಿನ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತ ನಮ್ಮ ಸಭೆಯ ಒಂದು ಕೀರ್ತನೆ ಗುನುಗುತ್ತಿದ್ದೆ. ಅಕ್ಕ ಕೋಲು ನಿಲ್ಲಿಸಿ, ಅದ್ನೇ ಇನ್ನೊಂದ್ಸಲ ಯೇಳು ಎಂದರು. ಹಾಡಿದೆ. ಮತ್ತೊಂದು ಸಲ ಎಂದರು. ಮೂರು ಸಲ ಹಾಡಿಸಿದರು. ಕಣ್ಣು ಮುಚ್ಚಿ ಕೇಳಿದರು, ಆಮೇಲೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ಈರುಳ್ಳಿಯ ಘಾಟಿಗೆ ನನ್ನ ಕಣ್ಣೂ ಸುರಿಯುತ್ತಿತ್ತು.

ಆ ಪದ ಎತ್ಕೊಳೋ ಜಾಗ ಸಂದಾಗದೆ ಎಂದರು ಅಕ್ಕ. ತಮ್ಮ ಪದಗಳಲ್ಲಿ ಹೀಗೆ ಒಮ್ಮೆಲೇ ಮೇಲಕ್ಕೆ ಹೋಗಿ ಇಳಿಯುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ ಎಂದು ಹಾಡಿಯೇ ತೋರಿಸಿದರು. ಅಂದೇ ನನಗೆ ತಿಳಿದದ್ದು, ಅಕ್ಕ ಸೋಬಾನೆ ಹೇಳುವವರು ಎಂದು. ಆ ಬೀದಿಯ, ಸುತ್ತಿನ ನಾಲ್ಕಾರು ಊರಿನ ಮದುವೆಗಳಲ್ಲಿ ಅರಿಶಿನ ಕುಟ್ಟುವಾಗ, ಹಸೆಗೆ ಕೂರಿಸುವಾಗ ಪದ ಎತ್ತಿಕೊಡುವವರು ಅವರು. ಅವರು ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಹಿಂದೆ ಹೇಳುತ್ತಾರೆ. ಈಗ ಮದುವೆಗಳು ಛತ್ರಕ್ಕೆ ಹೋಗಿವೆ, ಆದರೂ ಮನೆಯಲ್ಲಿ ಮಾಡುವ ಶಾಸ್ತ್ರಕ್ಕೆ ಅಕ್ಕ ಬೇಕೇ ಬೇಕು. ಅದಕ್ಕಾಗಿ ಮದುವೆಯ ಮನೆಯ ಹಿರಿಯ ಹೆಂಗಸು ಎಲೆ ಅಡಿಕೆ ತಟ್ಟೆ ಹಿಡಿದು ಅವರ ಬಾಗಿಲಿಗೆ ಬಂದು ಕರೆಯಬೇಕು. ಊಟಕ್ಕೆ ಕರೆಯುವುದು ಬೇರೆ, ಪದಕ್ಕೆ ಕರೆಯುವುದು ಬೇರೆ. ಇದನ್ನು ಹೇಳುವಾಗ ಅಕ್ಕನ ಮುಖದಲ್ಲಿ ಒಂದು ಗತ್ತು ಬಂತು.

ಅದೇ ಹೊತ್ತಿಗೆ ನಾನು ಫೋಟೋ ತೆಗೆದೆ. ಮುದ್ದೆ ಕಟ್ಟುವುದನ್ನು ಮೈಸೂರಿನ ನನ್ನ ಅಮ್ಮನಿಗೆ ತೋರಿಸಬೇಕಿತ್ತು. ಅಕ್ಕ ಅಂಗೈಗೆ ನೀರು ಸವರಿ ಎರಡೂ ಕೈ ಜೋಡಿಸಿ ಉಜ್ಜಿಕೊಂಡರಲ್ಲ, ಆ ಕ್ಷಣದ್ದು. ಮುಂದೆ ತಟ್ಟೆ, ತಟ್ಟೆಯಲ್ಲಿ ಹಬೆಯಾಡುವ ಹಿಟ್ಟು. ಅವರ ಕಣ್ಣು ಅರ್ಧ ಮುಚ್ಚಿತ್ತು, ರೆಪ್ಪೆ ಒದ್ದೆಯಾಗಿತ್ತು.

ಸಂಜೆ ಪತ್ರ ಬರೆಯಲು ಕುಳಿತಾಗ ಆ ಫೋಟೋ ಮತ್ತೆ ನೋಡಿದೆ. ಬೆರಳಿನಿಂದ ಅಂಚನ್ನು ಮೇಲಕ್ಕೆ ಎಳೆದೆ. ತಟ್ಟೆ ಹೋಯಿತು, ಪಾತ್ರೆ ಹೋಯಿತು. ಕೈಮುಗಿದು ಕಣ್ಣೀರಿಟ್ಟ ಹೆಂಗಸೊಬ್ಬಳು ಉಳಿದಳು. ನಾನು ಏನು ಮಾಡುತ್ತಿದ್ದೇನೆ ಎಂಬುದು ನನಗೆ ಆಗಲೇ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಲು ಬರುವಂತಿಲ್ಲ.

ನಮ್ಮ ಬೀದಿಯ ಸಹೋದರಿಯೊಬ್ಬಳು ಕೀರ್ತನೆ ಕೇಳಿ ಅತ್ತಳು ಎಂದು ಬರೆದೆ. ಮತ್ತೆ ಮತ್ತೆ ಹಾಡೆಂದು ಬೇಡಿದಳು, ಈ ದೇವರ ಬಗ್ಗೆ ಇನ್ನೂ ತಿಳಿಯಬೇಕು ಎಂದಳು ಎಂದು ಬರೆದೆ. ಆಕೆಯ ಮನೆಯವರು ವಿರೋಧಿಸದ ಹಾಗೆ ಪ್ರಾರ್ಥಿಸಿ ಎಂದು ಮುಗಿಸಿದೆ. ಅಕ್ಕನ ಗಂಡ ನಮಗೆ ವಾರಕ್ಕೆರಡು ದಿನ ಹಾಲು ತಂದು ಕೊಟ್ಟು ಹೋಗುತ್ತಿದ್ದ ಮನುಷ್ಯ. ವಿರೋಧದ ಸಾಲು ಏಕೆ ಬಂತೆಂದರೆ ಬೇರೆಯವರ ಪತ್ರಗಳು ಹಾಗೆ ಮುಗಿಯುತ್ತಿದ್ದವು.

ನಮ್ಮವರು ಓದಿ, ಅವರು ಅಳ್ತಿದ್ರಾ ಎಂದು ಕೇಳಿದರು. ಕಣ್ಣಲ್ಲಿ ನೀರಿತ್ತು ಎಂದೆ. ಅದು ನಿಜವೇ ಆಗಿತ್ತು. ನಿಜದಲ್ಲೇ ಸುಳ್ಳು ಹೇಳುವ ಜಾಣತನ ನನಗಿದೆ ಎಂದು ಅಂದು ತಿಳಿಯಿತು.

ಪತ್ರ ಹೋಯಿತು. ಎಂಥ ಉತ್ತರಗಳು ಬಂದವು! ಹೆಡ್ಡಾಫೀಸಿನ ಹಿರಿಯರು ಖುದ್ದಾಗಿ ಫೋನು ಮಾಡಿ, ಭಾನುವಾರದ ಆರಾಧನೆಯಲ್ಲಿ ಅದನ್ನು ಓದಿಸಿದೆವು ಎಂದರು. ನನ್ನ ಅಮ್ಮನೂ ಕೇಳಿ ಸಂತೋಷಪಟ್ಟಳು. ಎರಡು ವಾರ ನಾನು ಬಹಳ ಹಗುರಾಗಿ ಓಡಾಡಿದೆ. ಅಕ್ಕ ಬಂದಾಗ ಮುಖ ನೋಡಲು ಒಂದಿಷ್ಟು ಅಳುಕಾಗುತ್ತಿತ್ತು, ಅದನ್ನು ಮರೆಸಲು ಟೀಗೆ ಸಕ್ಕರೆ ಹೆಚ್ಚು ಹಾಕಿ ಕೊಡುತ್ತಿದ್ದೆ.

ಮೂರು ಮನೆ ಆಚೆ ಮದುವೆ ಗೊತ್ತಾಯಿತು. ಮದುವಣಗಿತ್ತಿಯ ತಾಯಿ ಕುಂಕುಮದ ಭರಣಿ ಹಿಡಿದು ಮನೆಮನೆಗೆ ಬಂದಳು, ನಮ್ಮ ಮನೆಗೂ ಬಂದು ಊಟಕ್ಕೆ ಕರೆದಳು. ಎದುರು ಮನೆಗೂ ಹೋದಳು. ಎಲೆ ಅಡಿಕೆಯ ತಟ್ಟೆ ಮಾತ್ರ ಅಕ್ಕನ ಬಾಗಿಲಿಗೆ ಬರಲಿಲ್ಲ. ನಾನು ಅದನ್ನು ಗಮನಿಸಿಯೂ ಗಮನಿಸದವಳಂತೆ ಇದ್ದೆ. ಅಕ್ಕ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ್ದರು. ನಲ್ಲಿಯ ಹತ್ತಿರ ನನ್ನ ಕೊಡ ಇದ್ದ ಜಾಗದಲ್ಲೇ ಇತ್ತು, ಅಕ್ಕನ ಕೊಡಗಳು ಐದಾರು ಕೊಡದಷ್ಟು ಮುಂದಕ್ಕೆ ಹೋಗಿದ್ದವು.

ಕೆಲವು ದಿನದ ಮೇಲೆ ಅವರೇ ಬಂದರು, ಹಿತ್ತಲ ಬಾಗಿಲಿನಿಂದ. ಕೈಯಲ್ಲಿ ಗಂಡನ ಫೋನು. ಬಿಸಿ ಪಾತ್ರೆ ಹಿಡಿದ ಹಾಗೆ ಸೆರಗಿನಲ್ಲಿ ಹಿಡಿದಿದ್ದರು.

“ಇದು ನಾನಾ, ಮೇಡಮ್ನೋರೆ?”

ಫೋಟೋ ನೋಡಿದೆ. ಕೆಳಗೆ ನನ್ನ ಪತ್ರ. ಕೆ.ಆರ್. ಪೇಟೆಯಲ್ಲಿ ನಮ್ಮ ಪ್ರಾರ್ಥನೆಗೆ ಬರುವವರೊಬ್ಬರು ಸಂತೋಷಕ್ಕೆ ತಮ್ಮ ಗೆಳೆಯರ ಗುಂಪಿಗೆ ಕಳಿಸಿದ್ದರು. ಅಲ್ಲಿಂದ ಅದು ಗೂಡ್ಸ್ ಗಾಡಿ ಓಡಿಸುವ ಒಬ್ಬರ ಕೈಗೆ ಬಂದಿತ್ತು. ಅವರು ಮದುವಣಗಿತ್ತಿಯ ಸೋದರಮಾವ. ಹೀಗೆ ನಾಲ್ಕು ತಾಲ್ಲೂಕು ಸುತ್ತಿ ಎದುರು ಮನೆಗೆ ತಲುಪಿತ್ತು.

ಅಕ್ಕನಿಗೆ ಓದು ಬಾರದು. ಗಂಡ ಓದಿ ಹೇಳಿದ್ದರಂತೆ, ಆದರೂ ಬರೆದವಳ ಬಾಯಿಂದಲೇ ಕೇಳಬೇಕು ಎಂದರು. ಓದು ಎಂದು ಫೋನು ನನ್ನ ಕೈಗಿಟ್ಟು ಅಕ್ಕಿ ಡಬ್ಬದ ಪಕ್ಕ ಕುಳಿತರು. ಓದಿದೆ. ಸ್ವಲ್ಪ ಬಿಟ್ಟು ಬಿಟ್ಟು ಓದಿದೆ. ಅವ್ರು ಓದ್ದಾಗ ಇನ್ನೂ ಉದ್ದ ಇತ್ತು ಎಂದರು. ಮತ್ತೆ ಮೊದಲಿನಿಂದ ಓದಿದೆ, ವಿರೋಧದ ಸಾಲನ್ನೂ ಸೇರಿಸಿ. ನನ್ನದೇ ವಾಕ್ಯಗಳು. ಒಂದೊಂದೂ ಚೆನ್ನಾಗಿತ್ತು, ಒಂದು ಅಕ್ಷರ ತಪ್ಪಿರಲಿಲ್ಲ.

ಮುಗಿದ ಮೇಲೆ ಅಕ್ಕ ಕೇಳಿದರು. “ಈರುಳ್ಳಿ ಎಚ್ಚುತಿದ್ದೋಳು ನೀನೇ ಅಲ್ವಾ?”

ಹೌದು ಎಂದೆ.

“ನಿನ್ ಕಣ್ಣಲ್ಲೂ ನೀರಿತ್ತು. ನಿಂದ್ಯಾಕೆ ಬರೀಲಿಲ್ಲ?”

ತಪ್ಪಾಯ್ತಕ್ಕ ಎಂದು ಕೈ ಹಿಡಿಯಲು ಹೋದೆ. ಅವರು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಬೇರೆ ದೇವರಿಗೆ ಕೈಮುಗಿದು ಹೋದವಳು ನಮ್ಮ ಮನೆದೇವರ ಪದ ಹೇಗೆ ಎತ್ತಿಕೊಟ್ಟಾಳು ಎಂದು ಮದುವೆಮನೆಯವರು ಕೇಳಿದ್ದರಂತೆ. ನಾನು ಹಾಗೇನೂ ಹೋಗಿಲ್ಲ ಎಂದರೆ, ಪಟ ಸುಳ್ಳು ಹೇಳ್ತದಾ ಎಂದರಂತೆ. ಇಪ್ಪತ್ತೈದು ವರ್ಷದಿಂದ ಹೇಳುತ್ತಿರುವ ಪದ ಎಂದು ಅಕ್ಕ ಅಂದರು, ಧ್ವನಿ ಏರಿಸದೆ. ಎದ್ದು ಹೋಗುವಾಗ ಹೊಸ್ತಿಲ ಬಳಿ ಚೆಲ್ಲಿದ್ದ ನಾಲ್ಕು ಅಕ್ಕಿಕಾಳನ್ನು ಆಯ್ದು ಡಬ್ಬದ ಮೇಲಿಟ್ಟರು. ಕೈ ಅದರ ಪಾಡಿಗೆ ಅದು ಮಾಡಿದ ಕೆಲಸ.

ಪತ್ರದಲ್ಲಿ ಮಾಡಿದ್ದನ್ನೆಲ್ಲ ನಮ್ಮವರಿಗೆ ಹೇಳಿದೆ. ಅವರು ಬಹಳ ಹೊತ್ತು ಬೈಕಿನ ಕೀಲಿಕೈಯನ್ನೇ ನೋಡುತ್ತ ಕುಳಿತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆಡ್ಡಾಫೀಸಿಗೆ ಫೋನು ಮಾಡಿದಾಗ, ಅಲ್ಲಿಂದ ಪತ್ರವನ್ನು ಅಳಿಸಿಬಿಡಿ, ಯಾರಿಗೂ ಏನೂ ವಿವರಿಸಲು ಹೋಗಬೇಡಿ, ಕಾಲ ಸರಿಯಿಲ್ಲ, ಮಾತು ಬೆಳೆದರೆ ಠಾಣೆಯವರೆಗೂ ಹೋಗುತ್ತದೆ ಎಂಬ ಸಲಹೆ ಬಂತು. ಆ ಭಯ ಸುಳ್ಳಲ್ಲ. ಇರುವ ಮನೆ ಹೋಗಬಹುದಿತ್ತು, ನಮ್ಮವರ ಮೇಲೆ ಯಾರಾದರೂ ಕೈ ಮಾಡಬಹುದಿತ್ತು. ಆದರೆ ನಾನು ಆ ಭಯದ ಹಿಂದೆ ಅಡಗಿ ಎರಡು ದಿನ ಕುಳಿತೆ. ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆ. ಎಲ್ಲರೆದುರು ನಿಂತು ನಾನು ಸುಳ್ಳಿ ಎಂದು ಹೇಳುವುದಕ್ಕಿಂತ ಠಾಣೆಗೆ ಹೋಗುವುದೇ ಸುಲಭ ಅನ್ನಿಸಿತ್ತು.

ಮೂರನೆಯ ದಿನ ಬೆಳಿಗ್ಗೆ ಮದುವೆಮನೆಯಲ್ಲಿ ಅರಿಶಿನ ಕುಟ್ಟುವ ಶಾಸ್ತ್ರ. ಅಡುಗೆಮನೆಯ ಕಿಟಕಿಯಿಂದ ಒನಕೆಯ ಸದ್ದು ಕೇಳುತ್ತಿತ್ತು. ಪದ ಬರಬೇಕಾದ ಕಡೆ ಸುಮ್ಮನಿತ್ತು. ಆಮೇಲೆ ಯಾರೋ ಎತ್ತಿಕೊಂಡರು, ಬಹಳ ಮೇಲೆ ಎತ್ತಿಕೊಂಡಿದ್ದರಿಂದ ಎರಡನೆಯ ಸಾಲಿಗೇ ಗಂಟಲು ಒಡೆಯಿತು. ಹೆಂಗಸರು ನಕ್ಕರು. ಇನ್ನೊಬ್ಬಳು ಶುರು ಮಾಡಿ ಸಾಲು ಮರೆತಳು. ಕೊನೆಗೆ ಗಂಡಸರು ಯಾರೋ ಸ್ಪೀಕರಿನಲ್ಲಿ ಸಿನಿಮಾ ಹಾಡು ಹಾಕಿದರು. ಎದುರಿಗೆ ನೋಡಿದೆ. ಅಕ್ಕ ಜಗಲಿಯ ಮೇಲೆ ಕುಳಿತು ಮೊರದಲ್ಲಿ ಏನೋ ಕೇರುತ್ತಿದ್ದರು. ಮೊರದಲ್ಲಿ ಕಾಳೇ ಇರಲಿಲ್ಲ. ಬರಿ ಮೊರ ಕೇರುತ್ತಿದ್ದರು.

ನಾನು ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟೆ. ನಮ್ಮವರು ಹಿಂದೆ ಬಂದರು, ಬೇಡ ಎನ್ನಲಿಲ್ಲ, ಚಪ್ಪರದ ಕಂಬದ ಹತ್ತಿರ ನಿಂತರು.

ಒಳಗೆ ಒಂದಷ್ಟು ಹೆಂಗಸರು ಸುತ್ತ ಕುಳಿತು ವೀಳ್ಯದೆಲೆ ಒರೆಸಿ ಜೋಡಿಸುತ್ತಿದ್ದರು. ನಡುವೆ ಮದುವಣಗಿತ್ತಿಯ ಅಜ್ಜಿ. ಮನೆಯ ಯಾವ ಮಾತೂ ಅವರನ್ನು ದಾಟಿ ಹೋಗುವಂತಿರಲಿಲ್ಲ. ಹತ್ತಿರ ಕುಳಿತು ಮೆಲ್ಲಗೆ, ಆ ಪತ್ರದಲ್ಲಿ ಇರೋದು ನಿಜ ಅಲ್ಲ ಅಜ್ಜಿ ಎಂದೆ.

“ಜೋರಾಗಿ ಯೇಳವ್ವ, ಕ್ಯಾಳಾಕಿಲ್ಲ ನಂಗೆ.”

ಇನ್ನೊಮ್ಮೆ ಹೇಳಿದೆ. ಇನ್ನೂ ಜೋರಾಗಿ ಎಂದರು. ಆಗ ಕೂಗಿದ ಹಾಗೆಯೇ ಹೇಳಿದೆ. ಅಕ್ಕ ಅಳಲಿಲ್ಲ, ಕೈಮುಗಿಯಲಿಲ್ಲ, ನಮ್ಮ ದೇವರನ್ನು ಕೇಳಲಿಲ್ಲ, ನಾನೇ ಸುಳ್ಳು ಬರೆದೆ. ಹಿತ್ತಲಲ್ಲಿ ಕೊಳದಪ್ಪಲೆ ತೊಳೆಯುತ್ತಿದ್ದ ಅಡುಗೆಯವರು ತಿರುಗಿ ನೋಡಿದರು. ಯಾರೋ ಸ್ಪೀಕರು ನಿಲ್ಲಿಸಿದರು. ನನ್ನ ಕೊನೆಯ ಮಾತು ಆ ಮೌನದಲ್ಲಿ ಇನ್ನೂ ಜೋರಾಗಿ ಕೇಳಿಸಿತು.

ಫೋನಿನಲ್ಲಿದ್ದ ಪೂರ್ತಿ ಫೋಟೋ ತೋರಿಸಿದೆ. ತಟ್ಟೆ, ಹಿಟ್ಟು, ಪಾತ್ರೆ ಎಲ್ಲ ಇದ್ದದ್ದು. ಅದು ಕೈಯಿಂದ ಕೈಗೆ ಹೋಯಿತು. ಅಯ್ಯೋ, ಹಿಟ್ಟು ಕಟ್ಟಾ ಕೈ ಕಣೇ ಇದು ಎಂದಳು ಒಬ್ಬಳು. ಇಂಗೇ ಆದ್ರೆ ನಾವೆಲ್ಲ ದಿನಾ ಎರಡೊತ್ತು ಪ್ರಾರ್ಥ್ನೆ ಮಾಡ್ತಾವಿ ಬುಡು ಎಂದಳು ಇನ್ನೊಬ್ಬಳು. ನಲ್ಲಿಯ ಹತ್ತಿರ ನನ್ನನ್ನು ರೇಡಿಯೋ ಎಂದವಳು, ರೇಡಿಯೋದಲ್ಲೂ ಸುಳ್ಳು ವಾರ್ತೆ ಬತ್ತದೆ ಅಂತ ಗೊತ್ತೇ ಇರ್ಲಿಲ್ಲ ಎಂದಳು. ನಕ್ಕರು. ನಾನು ತಲೆ ತಗ್ಗಿಸಿಯೇ ಕುಳಿತಿದ್ದೆ. ಬೈದು ಕಳಿಸಿಬಿಡಲಿ ಎಂದು ಕಾಯುತ್ತಿದ್ದೆ.

ಕೆ.ಆರ್. ಪೇಟೆಯ ಸೋದರಮಾವ ಬಾಗಿಲಲ್ಲಿ ನಿಂತಿದ್ದರು. ನಾಳೆ ನಮ್ ಮನೆ ಎಣ್ಣಿನ ಪಟಾನೂ ಇಂಗೇ ಕುಯ್ದು ಕಳಿಸ್ತೀರಾ ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ. ಇಲ್ಲ ಎಂದೆ. ನಂಬಲು ಅವರಿಗೆ ಕಾರಣವೇನೂ ಇರಲಿಲ್ಲ.

ಅಜ್ಜಿ ಕೇಳಿದರು. “ಯಾಕವ್ವ ಬರ್ದೆ?”

“ಬರೆಯೋಕೆ ಏನೂ ಇರಲಿಲ್ಲ, ಅಜ್ಜಿ.”

“ಏನೂ ಇಲ್ದಿದ್ರೆ ಏನೂ ಇಲ್ಲ ಅಂತ ಬರೀಬೇಕಪ್ಪ.”

ಅವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಜೋಡಿಸಿದ ಎಲೆಗಳಲ್ಲಿ ಒಂದು ಕಟ್ಟು ಎತ್ತಿ ತಟ್ಟೆಗೆ ಹಾಕಿ, ಅಡಿಕೆ ಇಟ್ಟು, ಸೊಸೆಯ ಭುಜ ಹಿಡಿದು ಎದ್ದರು. ಅವರು ನಿಧಾನವಾಗಿ ಬೀದಿ ದಾಟುವುದನ್ನು ಎಲ್ಲರೂ ನೋಡಿದೆವು. ಅಕ್ಕ ಜಗಲಿಯಿಂದ ಎದ್ದು ಒಳಗೆ ಹೋಗಿಬಿಟ್ಟರು. ಅಜ್ಜಿ ತಟ್ಟೆ ಹಿಡಿದು ಬಿಸಿಲಿನಲ್ಲಿ ನಿಂತರು. ಎಷ್ಟು ಹೊತ್ತೋ. ಬರುವುದಿಲ್ಲವೇನೋ, ಏಕೆ ಬರಬೇಕು ಅನ್ನಿಸಿತು ನನಗೆ. ಆಮೇಲೆ ಅಕ್ಕ ಬೇರೆ ಸೀರೆಯುಟ್ಟು, ತಲೆ ಬಾಚಿ ಬಾಗಿಲಿಗೆ ಬಂದರು. ತಟ್ಟೆಗೆ ಕೈ ಚಾಚುವ ಮೊದಲು ಅಜ್ಜಿಗೆ ಏನೋ ಕಟುವಾಗಿ ಹೇಳಿದರು, ನನಗೆ ಕೇಳಿಸಲಿಲ್ಲ. ಕೇಳಿಸದ ಅಜ್ಜಿಯೂ ತಲೆಯಾಡಿಸಿದರು. ಅಕ್ಕ ಎಲೆ ಅಡಿಕೆ ತೆಗೆದುಕೊಂಡರು.

ಅವರು ಚಪ್ಪರದೊಳಗೆ ಬರುವ ಹೊತ್ತಿಗೆ ನಾವಿಬ್ಬರೂ ಹಿತ್ತಲ ಕಡೆಯಿಂದ ಮನೆಗೆ ಬಂದುಬಿಟ್ಟಿದ್ದೆವು. ಅವರು ಪದ ಎತ್ತಿಕೊಂಡಿದ್ದು ಕಿಟಕಿಯಿಂದ ಕೇಳಿತು. ನಾನು ಕಿಟಕಿ ಮುಚ್ಚಿದೆ. ಕದ್ದು ಕೇಳಿದ ಹಾಗಾಗುತ್ತಿತ್ತು.

ಮದುವೆ ಮುಗಿದು ನಾಲ್ಕನೆಯ ದಿನ ಅಕ್ಕ ಬಂದರು. ಒಳಗೆ ಬನ್ನಿ ಎಂದರೂ ಹೊಸ್ತಿಲಾಚೆಯೇ ನಿಂತರು. ಆ ಪತ್ರ ಎಷ್ಟು ಜನಕ್ಕೆ ಹೋಗಿದೆ ಎಂದು ಕೇಳಿದರು. ಗೊತ್ತಿಲ್ಲ ಅಕ್ಕ ಎಂದೆ. ಬೀದಿಯವರಿಗೆ ಹೇಳಿದ್ದಾಯಿತು, ಅವರಿಗೆಲ್ಲ ಯಾರು ಹೇಳುವುದು ಎಂದರು. ಗೊತ್ತಿಲ್ಲದ ಊರುಗಳಲ್ಲಿ, ಗೊತ್ತಿಲ್ಲದ ಜನ ತನ್ನ ಮುಖ ನೋಡುತ್ತ ಕುಳಿತಿದ್ದಾರಲ್ಲ ಎಂಬುದು ಅವರನ್ನು ಕಾಡುತ್ತಿತ್ತು.

“ನಮ್ಮವ್ವ ಸತ್ತಾಗ್ಲೂ ನಾ ಜನದ ಮುಂದೆ ಅತ್ತೋಳಲ್ಲ. ಅದ್ನಾದ್ರೂ ಅವ್ರಿಗೆ ಯೇಳಿ, ಮೇಡಮ್ನೋರೆ.”

ಅಂದೇ ತಿದ್ದುಪಡಿಯ ಪತ್ರ ಬರೆದೆ. ಏನಾಯಿತೋ ಹಾಗೇ, ಈರುಳ್ಳಿಯನ್ನೂ ಸೇರಿಸಿ. ಹೆಡ್ಡಾಫೀಸಿನಿಂದ ಅದು ಹೊರಗೆ ಹೋದಾಗ ಎರಡು ಸಾಲಾಗಿತ್ತು. ಕೆಲವು ಕಾರಣಗಳಿಂದ ಹಿಂದಿನ ಸುದ್ದಿಯನ್ನು ಹಂಚಬಾರದು, ಕ್ಷೇತ್ರಕ್ಕಾಗಿ ಇನ್ನೂ ಹೆಚ್ಚು ಪ್ರಾರ್ಥಿಸಿರಿ ಎಂದಿತ್ತು. ಓದಿದವರು ಅಕ್ಕನ ಮನೆಯವರೇ ತಡೆದರೆಂದು ತಿಳಿದುಕೊಳ್ಳುವ ಹಾಗಿತ್ತು. ಅದಕ್ಕೇ ನಾನೇ ಒಬ್ಬೊಬ್ಬರಿಗೂ ಫೋನು ಮಾಡತೊಡಗಿದೆ. ನಮ್ಮವರು ಪಾಂಡವಪುರದ, ಕೆ.ಆರ್. ಪೇಟೆಯ ಮನೆಗಳಿಗೆ ಹೋದಾಗ ಮುಖತಃ ಹೇಳಿ ಬಂದರು. ಸಭೆಗಳವರು ಯಾರೂ ಕೋಪಿಸಿಕೊಳ್ಳಲಿಲ್ಲ. ಒಳ್ಳೆಯ ಉದ್ದೇಶದಿಂದ ಬರೆದದ್ದಲ್ಲವೇ ಸಿಸ್ಟರ್, ಬಿಡಿ ಎನ್ನುತ್ತಿದ್ದರು. ಮದುವೆಮನೆಯ ಹೆಂಗಸರ ಕುಹಕ ತಡೆದುಕೊಳ್ಳಬಹುದಿತ್ತು. ಈ ಕ್ಷಮೆಯಿಂದ ಮುಖ ಉರಿಯುತ್ತಿತ್ತು.

ಎರಡು ವರ್ಷವಾಯಿತು. ನಾವಿನ್ನೂ ಅದೇ ಮನೆಯಲ್ಲಿದ್ದೇವೆ, ಅದೇ ಆಶ್ಚರ್ಯ. ಅಕ್ಕ ಮಾತಾಡುತ್ತಾರೆ. ನೀರು ಬಂತು, ಬಟ್ಟೆ ತೆಗೀರಿ ಮಳೆ ಬತ್ತದೆ, ಅಷ್ಟು. ನನ್ನ ಮುದ್ದೆಯಲ್ಲಿ ಈಗ ಗಂಟಿಲ್ಲ, ತೋರಿಸಲು ಹೋಗಿಲ್ಲ.

ಹೋದ ವಾರ, ನಾನು ಫೋನು ಮಾಡಬೇಕಾದವರ ಪಟ್ಟಿಯಲ್ಲಿ ಉಳಿದಿದ್ದ ಶ್ರೀರಂಗಪಟ್ಟಣದ ಒಬ್ಬ ವಯಸ್ಸಾದ ಆಂಟಿ ಸಿಕ್ಕರು. ಫೋನಿನ ನಂಬರು ಬದಲಾಗಿ ಇಷ್ಟು ದಿನ ಸಿಕ್ಕಿರಲಿಲ್ಲ. ಆ ಫೋಟೋವನ್ನು ದೊಡ್ಡದು ಮಾಡಿಸಿ ಬೈಬಲಿನೊಳಗೆ ಇಟ್ಟುಕೊಂಡಿದ್ದಾರಂತೆ, ಎರಡು ವರ್ಷದಿಂದ ದಿನವೂ ಆ ತಾಯಿಗಾಗಿ ಪ್ರಾರ್ಥಿಸುತ್ತಿದ್ದಾರಂತೆ. ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಅಳಲಿಲ್ಲ ಆಂಟಿ, ಅವರು ಅಳುವವರಲ್ಲ ಎಂದೆ.

“ಪರವಾಗಿಲ್ಲ ಮಗಳೇ. ಹಾಗಾದರೆ ಇನ್ನು ಮೇಲೆ ಅವರು ಅಳೋ ಹಾಗೆ ಪ್ರಾರ್ಥಿಸ್ತೀನಿ.”

ಬೇಡ ಆಂಟಿ, ಬೇಡ ಎಂದೆ. ಹಾಗೆ ಒಂದೇ ಸಲ ಬೇಡ ಎಂದದ್ದು ಆ ಹಿರಿಯ ಜೀವಕ್ಕೆ ನೋವಾಯಿತೇನೋ ಎನ್ನಿಸಿ, ಸಮಾಧಾನಕ್ಕೆ ಏನಾದರೂ ಕೊಡಬೇಕೆಂದು, ಅಕ್ಕನಿಗೆ ಮಂಡಿನೋವು ಬಹಳ, ಮೆಟ್ಟಿಲು ಹತ್ತಲು ಕಷ್ಟಪಡುತ್ತಾರೆ, ಬೇಕಾದರೆ ಅದಕ್ಕೆ ಪ್ರಾರ್ಥಿಸಿ ಎಂದೆ. ಆಂಟಿಗೆ ಸಂತೋಷವಾಯಿತು. ಸಂಜೆಯ ಗುಂಪಿನಲ್ಲೂ ಹೇಳುತ್ತೇನೆ ಎಂದು ಫೋನಿಟ್ಟರು.

ಎದುರು ಮನೆಯ ಮೆಟ್ಟಿಲಿನ ಮೇಲೆ ಅಕ್ಕ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಳಿಯುತ್ತಿದ್ದರು. ಹೇಳಲೇ ಎಂದು ಈ ಸಲವೂ ನಾನು ಅವರನ್ನು ಕೇಳಿರಲಿಲ್ಲ.